ಹೊಳಪಿನ ಕಾರ್ಡು

ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಆ ಪ್ರಿಂಟರೂ ಬಂತು. ಇಬ್ಬರಲ್ಲಿ ಯಾರಿಗೆ ಮರ್ಯಾದೆ ಹೆಚ್ಚು ಎಂಬ ಬಗ್ಗೆ ಈ ಹದಿನೆಂಟು ವರ್ಷದಲ್ಲಿ ನನಗೆ ಒಮ್ಮೆಯೂ ಅನುಮಾನ ಬಂದಿಲ್ಲ. ಅದಕ್ಕೆ ಮಾವನ ಕೋಣೆಯಲ್ಲಿ ಕಿಟಕಿ ಪಕ್ಕದ ಜಾಗ, ಅತ್ತೆ ಹೊಲಿದ ನೀಲಿ ಹೊದಿಕೆ, ವಾರಕ್ಕೊಮ್ಮೆ ಒಣಬಟ್ಟೆಯ ಒರೆಸು. ನನಗೆ ಅಡುಗೆಮನೆ.

ಜಪಾನಿನ ನಮ್ಮ ತ್ಸುಬಾಮೆ ಊರಿನಲ್ಲಿ ಒಂದು ಕಾಲಕ್ಕೆ ಮನೆಗೊಬ್ಬರು ಚಮಚದ ಕಾರ್ಖಾನೆಯಲ್ಲಿದ್ದರು. ಮಾವ ತೊಕುಜಿ ತಗಡನ್ನು ಒತ್ತಿ ಚಮಚ ಮಾಡುವ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದರು. ನಲವತ್ತೊಂದನೆಯ ವಯಸ್ಸಿನಲ್ಲಿ ಆ ಪ್ರೆಸ್ಸು ಅವರ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಬುಡದಿಂದ ತೆಗೆದುಕೊಂಡಿತು. ಕೈ ಒಳಗೆ ಹೋಗದ ಹಾಗೆ ತಡೆಯುವ ಕಂಬಿಯೊಂದು ಪ್ರೆಸ್ಸಿಗೆ ಇರಬೇಕಿತ್ತು. ಅವತ್ತು ಅದು ಯಾಕಿರಲಿಲ್ಲವೋ ಯಾರೂ ಹೇಳಲಿಲ್ಲ, ಮಾವ ಕೇಳಲೂ ಇಲ್ಲ. ಕಾರ್ಖಾನೆಯ ಯಜಮಾನ ಒಳ್ಳೆಯವನು, ಮನೆಗೆ ಕಳಿಸದೆ ಆಫೀಸಿನಲ್ಲಿ ಕೂರಿಸಿ ಕಂಪ್ಯೂಟರು ಕಲಿಸಿದ. ಪೆನ್ನು ಹಿಡಿಯಲಾಗದ ಮನುಷ್ಯ ಬರೆದ ಕಾಗದ ಆ ಲೇಸರ್ ಪ್ರಿಂಟರಿನಿಂದ ಹೊರಗೆ ಬಂದಾಗ ಬ್ಯಾಂಕಿನವರ ಕಾಗದದಷ್ಟು ಲಕ್ಷಣವಾಗಿರುತ್ತಿತ್ತು. ಕಾರ್ಖಾನೆ ಮುಚ್ಚಿದ ದಿನ ಉಳಿದವರು ಗಡಿಯಾರ ತಂದರು, ಇವರು ಪ್ರಿಂಟರನ್ನು ಕೈಗಾಡಿಯಲ್ಲಿಟ್ಟು ತಳ್ಳಿಕೊಂಡು ಬಂದರು.

ಅಲ್ಲಿಂದ ಪ್ರತಿ ಡಿಸೆಂಬರಿನಲ್ಲಿ ಅದರೊಳಗಿಂದ ನೂರ ಹದಿನೆಂಟು ಹೊಸವರ್ಷದ ಕಾರ್ಡು ಬರುತ್ತಿದ್ದವು. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಅಕ್ಷರದ ಶುಭಾಶಯ, ಕೆಳಗೆ ಒಂದು ಸಾಲು: 'ತೊಕುಜಿ ಇನ್ನೂ ಇದ್ದಾನೆ.' ಹಳೆಯ ಕೆಲಸಗಾರರಿಗೆಲ್ಲ ಆ ಸಾಲು ಗೊತ್ತು.

ಹೋದ ವರ್ಷ ಮಾತ್ರ ಹೋಗಲಿಲ್ಲ. ಡಿಸೆಂಬರಿನ ಮೊದಲ ವಾರ ಮಾವ ಹಿಮದ ಮೇಲೆ ಜಾರಿ ಸೊಂಟ ಮುರಿದುಕೊಂಡು, ಹೊಸವರ್ಷವನ್ನು ಆಸ್ಪತ್ರೆಯ ಹಾಸಿಗೆಯಲ್ಲೇ ಮಾಡಿದರು. ಎರಡು ವರ್ಷ ಸತತವಾಗಿ ಕಾರ್ಡು ಬಾರದವನ ಹೆಸರಿಗೆ ಗೀಟು ಎಳೆಯುವುದು ನಮ್ಮ ಕಡೆಯ ರೂಢಿ. ಮಾವನೇ ಅಡಿಪಟ್ಟಿ ಇಟ್ಟು, ಎಡಗೈಯಲ್ಲಿ ಕೆಂಪು ಪೆನ್ಸಿಲು ಹಿಡಿದು ಎಷ್ಟೋ ಜನರಿಗೆ ಎಳೆದಿದ್ದಾರೆ. ಹಾಗಾಗಿ ಈ ಸಲವೂ ಕಾರ್ಡು ಹೋಗದಿದ್ದರೆ ತನ್ನ ಹೆಸರಿನ ಮೇಲೆ ನೂರ ಹದಿನೆಂಟು ಮನೆಗಳಲ್ಲಿ ಅಡಿಪಟ್ಟಿ ಇಡುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದರಲ್ಲೂ ಇವಾಸೆ. ಪಕ್ಕದ ಪ್ರೆಸ್ಸಿನವನು. ಅಪಘಾತವಾದಾಗ ಪ್ರೆಸ್ಸಿನ ಸ್ವಿಚ್ಚು ಆರಿಸಿ, ಹೆಗಲ ಮೇಲಿನ ಟವೆಲಿನಲ್ಲಿ ಮಾವನ ಕೈ ಸುತ್ತಿ, ಆಸ್ಪತ್ರೆಗೆ ಓಡಿದವನು. ಈಗ ಎಂಬತ್ತಮೂರು, ದೂರದ ಹಾಚಿನೊಹೆಯಲ್ಲಿ ಮಗಳ ಮನೆಯಲ್ಲಿದ್ದಾನೆ. ಪ್ರೆಸ್ಸಿನ ಸದ್ದಿಗೆ ಅವನ ಕಿವಿ ಎರಡೂ ಹೋಗಿವೆ. ಫೋನು ಮಾಡಿದರೆ ತಾನು ಹೇಳುವುದನ್ನಷ್ಟೇ ಕೂಗಿ ಹೇಳಿ ಇಟ್ಟುಬಿಡುತ್ತಾನೆ. ಹೋದ ವರ್ಷ ಅವನು ಕೈಯಲ್ಲಿ ಬರೆದ ಕಾರ್ಡು ಮಾವನ ಗೋಡೆಯ ಮೇಲೆ ಪಿನ್ನು ಹೊಡೆದಿದೆ: 'ನಾನಿನ್ನೂ ಇದ್ದೇನೆ. ನೀನು?'

ಆಗಸ್ಟಿನ ಸೆಕೆಯಲ್ಲಿ ಮಾವನ ಹಳೆಯ ಕಂಪ್ಯೂಟರು ಪ್ರಾಣ ಬಿಟ್ಟಿತು. ನವೆಂಬರಿನ ಎರಡನೆಯ ಭಾನುವಾರ ನನ್ನ ಗಂಡ ಶಿನ್ಗೊ ಪುಸ್ತಕದಷ್ಟು ತೆಳ್ಳಗಿನ ಹೊಸದೊಂದನ್ನು ತಂದ. ಮಾವ ಪ್ರಿಂಟರಿನ ಹಿಂದಿನ ಕೇಬಲನ್ನು ಕೈಯಲ್ಲಿ ಹಿಡಿದೇ ಕೂತಿದ್ದರು. ಅದರ ತುದಿ ಅಂಗೈ ಅಗಲ, ಎರಡು ಕಡೆ ತಂತಿಯ ಕೊಕ್ಕೆ.

"ಇದನ್ನೆಲ್ಲಿ ಹಾಕೋದು?"

ಶಿನ್ಗೊ ಕಂಪ್ಯೂಟರನ್ನು ಎತ್ತಿ ನಾಲ್ಕೂ ಬದಿ ತಿರುಗಿಸಿದ. "ಎಲ್ಲೂ ಇಲ್ಲ ಅಪ್ಪ. ಈಗಿನವುಕ್ಕೆ ಅಷ್ಟು ದೊಡ್ಡ ಬಾಯಿ ಇರಲ್ಲ."

"ಬಾಯಿ ಇಲ್ಲದ್ದಕ್ಕೆ ಅಷ್ಟು ದುಡ್ಡು ಕೊಟ್ಟು ಬಂದ್ಯಾ?"

"ನಡುವೆ ಹಾಕೋಕೆ ಒಂದು ಕೇಬಲ್ ಬರತ್ತಂತೆ. ತರಿಸ್ತೀನಿ."

"ಕಾರ್ಡಿಗೊಂದು ಹೊಸ ಪ್ರಿಂಟರೇ ತಗೊಂಡ್ರೆ ಆಗಲ್ವಾ?" ಎಂದೆ ನಾನು, ಮೂಲಂಗಿ ಹೆಚ್ಚುತ್ತಾ.

ಮಾವ ನನ್ನ ಕಡೆ ನೋಡಲೂ ಇಲ್ಲ. "ಮನೇಲಿ ಎತ್ತು ಇರೋವಾಗ ಕತ್ತೆ ಯಾಕಮ್ಮ?"

ಕೇಬಲು ಬರಲು ಒಂದು ವಾರ ಹಿಡಿಯಿತು. ಶಿನ್ಗೊ ಕಾರ್ಖಾನೆಗಳಿಗೆ ತಗಡು ಸಾಗಿಸುವ ಲಾರಿ ಓಡಿಸುತ್ತಾನೆ. ಸಂಜೆ ಬಂದವನು ಕೈ ತೊಳೆಯದೆ ಮಾವನ ಕೋಣೆಗೆ ಹೋದ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿ ಪ್ರಿಂಟರಿಗೆ. ಪರದೆಯ ಮೇಲೆ, ಗುರುತಿಲ್ಲದ ಯಾವುದೋ ವಸ್ತು ಬಂದು ಸೇರಿದೆ ಎಂಬ ಸಂದೇಶ ಬಂತು.

"ಮೂವತ್ತು ವರ್ಷ ದುಡಿದೋನ್ನ ಗುರುತಿಲ್ಲ ಅಂತಾ ಇದೆ," ಎಂದರು ಮಾವ.

"ಅದಕ್ಕೆ ಡ್ರೈವರ್ ಅಂತ ಒಂದು ಬೇಕು ಅಪ್ಪ. ಇಬ್ಬರಿಗೂ ನಡುವೆ ಮಾತು ದಾಟಿಸೋಕೆ."

"ಹಾಕು."

"ಕಂಪನಿಯೋರ ತಾಣದಲ್ಲಿ ನೋಡ್ದೆ. ಈ ಮಾಡೆಲ್ಲಿಗೆ ಇನ್ನು ಕೊಡೋದಿಲ್ಲ ಅಂತ ಬರೆದಿದಾರೆ. ಹದಿನೈದು ವರ್ಷ ಆಯ್ತಂತೆ ನಿಲ್ಸಿ."

"ನೀನು ಡ್ರೈವರ್ರೇ ಅಲ್ವೇನೋ. ನೀನೇ ಏನಾದ್ರೂ ಮಾಡು."

ಶಿನ್ಗೊ ಕೈಲಾಗದೆ ನಕ್ಕ. ಆ ನಗು ಮುಂದಿನ ಮೂರು ವಾರದಲ್ಲಿ ದಿನಕ್ಕಿಷ್ಟು ಸವೆದು ಪೂರ್ತಿ ಮಾಯವಾಯಿತು. ಅವನು ಏನೋ ಒತ್ತಿದಾಗ ಒಮ್ಮೆ ಪ್ರಿಂಟರು ಗುರ್ರೆಂದು ಎದ್ದು, ಹಾಳೆಗೊಂದೇ ಸಾಲು ಅರ್ಥವಿಲ್ಲದ ಗುರುತುಗಳನ್ನು ಹೊಡೆಯುತ್ತಾ ಹೋಯಿತು. ಮೂವತ್ತು, ನಲವತ್ತು ಹಾಳೆ. ನಿಲ್ಲಿಸಲು ಗೊತ್ತಾಗದೆ ಶಿನ್ಗೊ ಗೋಡೆಯ ಪ್ಲಗ್ಗನ್ನೇ ಕಿತ್ತ. ಮಾವ ಒಂದು ಹಾಳೆ ಎತ್ತಿ ಕನ್ನಡಕ ಏರಿಸಿ ಬಹಳ ಹೊತ್ತು ಓದುವವರ ಹಾಗೆ ನೋಡಿದರು.

"ಬೈತಾ ಇದೆ," ಎಂದರು.

ಅತ್ತೆ ಯಸುನೊ ಆ ಹಾಳೆಗಳನ್ನು ಮಡಚಿ ಅಡುಗೆಮನೆಗೆ ತಂದರು. ಕರಿದದ್ದರ ಎಣ್ಣೆ ಹೀರಲು ವಾರಗಟ್ಟಲೆ ಅವೇ ಆದವು. ನಮ್ಮತ್ತೆಗೆ ಯಾವ ಜಗಳದಲ್ಲೂ ಪಕ್ಷವಿಲ್ಲ, ಸಿಕ್ಕಿದ್ದನ್ನು ಉಪಯೋಗಿಸಿಕೊಳ್ಳುವುದೊಂದೇ ಗೊತ್ತು.

ಡಿಸೆಂಬರು ಬಂದಾಗ ಮಗಳು ಉತಾ ಈ ಗೋಜಲಿಗೆ ಬಿದ್ದಳು. ಅವಳಿಗೆ ಹದಿನೈದು, ಮಾರ್ಚಿನಲ್ಲಿ ಹೈಸ್ಕೂಲಿನ ಪ್ರವೇಶ ಪರೀಕ್ಷೆ. ಹಳೆಯ ಕಂಪ್ಯೂಟರಿನ ಜೊತೆ ವಿಳಾಸಗಳೂ ಹೋಗಿದ್ದವು. ಉಳಿದದ್ದು ಮಾವನ ಹಾಳೆಯ ಪಟ್ಟಿ ಮಾತ್ರ. ಅಜ್ಜ ಹೇಳುವುದು, ಮೊಮ್ಮಗಳು ಟೈಪು ಮಾಡುವುದು.

"ಮುಂದೆ ಯಾರಜ್ಜ?"

"ಹೊಂಬು. ಪಾಲಿಶ್ ವಿಭಾಗ. ಬೇಡ ಬಿಡು, ಅವನು ಹೋದ."

"ಗೀಟಿಲ್ವಲ್ಲ?"

"ಹೆಂಡತಿ ಇದಾಳೆ. ಹಾಕು. ಅವಳ ಹೆಸರು ನನಗೆ ಗೊತ್ತಿಲ್ಲ. ಹೊಂಬು ಅಮ್ಮ ಅಂತ ಹಾಕು."

ಒಂದು ಸಂಜೆ ನಾನು ಸೂಪರ್‌ಮಾರ್ಕೆಟ್ಟಿನ ಕೆಲಸ ಮುಗಿಸಿ ಬಂದಾಗಲೂ ಉತಾ ಅಲ್ಲೇ ಇದ್ದಳು. ಗಣಿತದ ಪುಸ್ತಕ ಬ್ಯಾಗಿನಿಂದ ಹೊರಗೇ ಬಂದಿರಲಿಲ್ಲ. ಬೆಳಗ್ಗೆಯಿಂದ ಕರಿದ ತಿಂಡಿ ಕೌಂಟರಿನಲ್ಲಿ ನಿಂತು ನನ್ನ ಕಾಲು ಊದಿತ್ತು. ಊಟಕ್ಕೆ ಎಲ್ಲರೂ ಹೊದಿಕೆ ಹಾಸಿ ಒಳಗೆ ಬಿಸಿ ಇಟ್ಟ ಕೊತಾತ್ಸು ಮೇಜಿನ ಕೆಳಗೆ ಕಾಲು ಚಾಚಿದ್ದರು, ಅತ್ತೆ ಕೆಸುವಿನ ಗೆಡ್ಡೆಯ ನೊಪ್ಪೆ ಸಾರು ಬಡಿಸುತ್ತಿದ್ದರು.

"ನಾಳೆಯಿಂದ ಉತಾ ಬರಲ್ಲ ಮಾವ. ಅವಳಿಗೆ ಪರೀಕ್ಷೆ ಇದೆ."

"ನಲವತ್ತು ಹೆಸರು ಉಳಿದಿದೆ ಅಷ್ಟೇ."

"ಪ್ರಿಂಟರೇ ಕೆಲಸ ಮಾಡ್ತಾ ಇಲ್ಲ. ಹೆಸರು ಹೊಡೆದು ಏನು ಮಾಡ್ತೀರಿ?"

"ಆಗತ್ತೆ ಅಮ್ಮ," ಎಂದಳು ಉತಾ. "ಇನ್ನೊಂದು ದಾರಿ ನೋಡಿದೀನಿ."

"ನೀನು ಸುಮ್ನಿರು. ನೂರ ಹದಿನೆಂಟು ಜನ! ಅದರಲ್ಲಿ ಅರ್ಧ ಜನಕ್ಕೆ ಕಣ್ಣು ಕಾಣಲ್ಲ, ಉಳಿದ ಅರ್ಧ ಇದಾರೋ ಇಲ್ವೋ ನಿಮಗೇ ಗೊತ್ತಿಲ್ಲ. ನಿಮ್ಮ ಕಾರ್ಡಿಗೆ ಅಂತ ಯಾರು ಕಾಯ್ತಾ ಕೂತಿದಾರೆ ಮಾವ?"

ಬಾಯಿಂದ ಬಿದ್ದ ಮೇಲೆ ಅದು ಎಷ್ಟು ದೊಡ್ಡ ಮಾತು ಎಂದು ಗೊತ್ತಾಯಿತು. ಶಿನ್ಗೊ ಬಟ್ಟಲಿನೊಳಗೆ ಮುಖ ಹುದುಗಿಸಿದ. ಮಾವ ಎರಡು ಬೆರಳಿಲ್ಲದ ಕೈಯಲ್ಲಿ ಚಮಚ ಹಿಡಿದಿದ್ದರು. ಚಾಪ್‌ಸ್ಟಿಕ್ ಹಿಡಿಯಲು ಅವರಿಗೆ ಆಗುವುದಿಲ್ಲ. ಚಮಚವನ್ನು ಮೆಲ್ಲಗೆ ಕೆಳಗಿಟ್ಟು, "ಗೆಡ್ಡೆ ಚೆನ್ನಾಗಿ ಬೆಂದಿದೆ" ಎಂದು ಅತ್ತೆಗೆ ಹೇಳಿ ಎದ್ದುಹೋದರು. ಬಟ್ಟಲಲ್ಲಿ ಗೆಡ್ಡೆ ಹಾಗೇ ಇತ್ತು.

"ಹೇಳಿದ್ದು ತಪ್ಪಲ್ಲ ಕಣೇ ಮಿಹೊ," ಎಂದರು ಅತ್ತೆ, ಆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾ. "ಆದ್ರೆ ಊಟಕ್ಕೆ ಕೂತಾಗ ಹೇಳಬಾರದಿತ್ತು."

ಮರುದಿನ ಕೆಲಸದಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ. ನಮ್ಮ ಅಂಗಡಿಯ ಮುಂದಿನ ಕೌಂಟರಿನಲ್ಲೇ ಹೊಸವರ್ಷದ ಕಾರ್ಡು ಮಾರುತ್ತಾರೆ. ಮಾವ ಯಾವಾಗಲೂ ತರಿಸುವುದು ಸಾದಾ ಕಾರ್ಡು. ಅದರ ಪಕ್ಕದಲ್ಲಿ ಕನ್ನಡಿಯ ಹಾಗೆ ಮಿನುಗುವ ಇನ್ನೊಂದು ಜಾತಿಯಿತ್ತು, ಒಂದಕ್ಕೆ ಹತ್ತು ಯೆನ್ ಹೆಚ್ಚು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ, ಒಳ್ಳೆಯ ಕಾರ್ಡನ್ನಾದರೂ ಕೊಡೋಣವೆಂದು ನೂರ ಇಪ್ಪತ್ತು ತೆಗೆದುಕೊಂಡೆ. ಕಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಓದಲಿಲ್ಲ. ದಿನವಿಡೀ ಊರಿನವರಿಗೆ ತಿಂಡಿ ಪೊಟ್ಟಣದ ಸಣ್ಣ ಅಕ್ಷರ ಓದಿ ಹೇಳುವವಳು ನಾನು.

ಡಿಸೆಂಬರ್ ಇಪ್ಪತ್ತೊಂದು, ಶನಿವಾರ ಮಧ್ಯಾಹ್ನ ಉತಾ ಕೂಗಿದ್ದು ಬಚ್ಚಲಿನಲ್ಲಿದ್ದ ನನಗೂ ಕೇಳಿಸಿತು. ಅದೇ ಕಂಪನಿಯ ಬೇರೊಂದು ಮಾಡೆಲ್ಲಿನ ಡ್ರೈವರು ಹಾಕಿ, ಕೇಬಲಿನ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ತಾನೇ ಆರಿಸಿದ್ದಳು. ಪ್ರಿಂಟರು ಎರಡು ಸಲ ಕೆಮ್ಮಿ, ಒಂದು ಹಳೆಯ ಕಾರ್ಡನ್ನು ಹೊರಗೆ ಹಾಕಿತು. ಕಪ್ಪು ಅಕ್ಷರ, ಒಂದೂ ಸೊಟ್ಟಗಿಲ್ಲ. ಕೆಳಗೆ, 'ತೊಕುಜಿ ಇನ್ನೂ ಇದ್ದಾನೆ.'

ಮಾವ ಆ ಬಿಸಿ ಕಾರ್ಡನ್ನು ಕೆನ್ನೆಗೆ ಒತ್ತಿಕೊಂಡರು. ಶಿನ್ಗೊ ನೆಲದ ಮೇಲೆ ಅಂಗಾತ ಬಿದ್ದು, "ಗೆದ್ವಪ್ಪಾ" ಎಂದ. ಅತ್ತೆ ಹುರಿದ ಅಕ್ಕಿಕಡುಬು, ಮೋಚಿ, ತಂದರು. ನಾನು ಒಳಗೆ ಹೋಗಿ ನನ್ನ ಕಟ್ಟನ್ನು ತಂದು ಎರಡೂ ಕೈಯಲ್ಲಿ ಮಾವನ ಮುಂದಿಟ್ಟೆ.

"ಅವತ್ತು ಹಾಗೆ ಅನ್ನಬಾರದಿತ್ತು ಮಾವ."

ಅವರು ಒಂದು ಕಾರ್ಡು ಎತ್ತಿ ಬೆಳಕಿಗೆ ಹಿಡಿದರು. "ಅಬ್ಬಾ, ಏನು ಹೊಳಪು! ಇವಾಸೆ ನೋಡಿದ್ರೆ, ತೊಕುಜಿಗೆ ಲಾಟರಿ ಹೊಡೀತು ಅಂದ್ಕೋತಾನೆ." ಅಷ್ಟು ಹೇಳಿ ನನಗೆ ತಲೆಬಾಗಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಮೊದಲ ಕಾರ್ಡು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಅದರ ಬೆನ್ನಿಗೇ ಎರಡನೆಯದೂ ಹೋಯಿತು. ಒಳಗೆ ಏನೋ ಚಟಪಟ ಅಂದಿತು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಶಿನ್ಗೊ ಹಾರಿ ಎದ್ದು ಪ್ಲಗ್ಗು ಕಿತ್ತು ಹಿಂಬದಿಯ ಮುಚ್ಚಳ ತೆಗೆದ. ಅಕ್ಷರವನ್ನು ಕಾಗದಕ್ಕೆ ಹಿಡಿಸುವ ಬಿಸಿ ಉರುಳೆಗೆ ಕಾರ್ಡಿನ ಹೊಳಪೆಲ್ಲ ಕರಗಿ, ಬಾಣಲೆಗೆ ಸೀದ ಬೆಲ್ಲದ ಹಾಗೆ ಹತ್ತಿಕೊಂಡಿತ್ತು.

"ಆರಲಿ ಬಿಡು," ಎಂದರು ಮಾವ.

"ಆರಿದ್ರೆ ಗಟ್ಟಿ ಆಗತ್ತೆ ಅಪ್ಪ. ಬಿಸಿ ಇರೋವಾಗ್ಲೇ ಎಳೀಬೇಕು."

"ಎಳೀಬೇಡ ಅಂದೆ!"

ಅಷ್ಟರಲ್ಲಿ ಅವನು ಇಕ್ಕಳ ಹಾಕಿ ಎಳೆದಾಗಿತ್ತು. ಕಾರ್ಡು ಬಂತು, ಜೊತೆಗೆ ಉರುಳೆಯ ಚರ್ಮವೂ ಸುಲಿದುಕೊಂಡು ಬಂತು, ಒಂದು ಹಲ್ಲುಚಕ್ರ ಟಣ್ಣೆಂದು ನೆಲಕ್ಕೆ ಬಿದ್ದು ಕಪಾಟಿನ ಕೆಳಗೆ ಉರುಳಿಹೋಯಿತು. ಉತಾ ಕಟ್ಟಿನ ಹಿಂಬದಿಯನ್ನು ಓದಿದಳು. "ಇದು ಶಾಯಿ ಚಿಮ್ಮಿಸೋ ಪ್ರಿಂಟರಿಗೆ ಅಮ್ಮ. ಲೇಸರಿಗೆ ಹಾಕಬಾರದು ಅಂತ ಇದೆ."

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ನೆಲದ ಮೇಲೆ ಮಲಗಿ, ಕಪಾಟಿನ ಕೆಳಗೆ ಕೈ ತೂರಿಸಿ ಆ ಹಲ್ಲುಚಕ್ರವನ್ನು ತೆಗೆದು, ಧೂಳು ಒರೆಸಿ ಮಾವನ ಮುಂದೆ ಹಿಡಿದೆ. ಅದನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮಾವ ಪ್ರಿಂಟರಿನ ಮೇಲೆ ನೀಲಿ ಹೊದಿಕೆ ಎಳೆದರು.

ರಿಪೇರಿಯವನು ಫೋನಿನಲ್ಲೇ ನಕ್ಕುಬಿಟ್ಟ. ಇಪ್ಪತ್ತಮೂರಕ್ಕೆ ಶಿನ್ಗೊ ಪೇಟೆಗೆ ಹೋಗಿ, ಶಾಯಿಯ ಸಣ್ಣ ಪ್ರಿಂಟರೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

"ಅಪ್ಪ, ಒಂದು ಸಲ ಬಂದು ನೋಡು. ತಂತೀನೇ ಬೇಡ ಇದಕ್ಕೆ."

ಮಾವ ಕೊತಾತ್ಸುವಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಏನಾದ್ರೂ ಮಾಡ್ಕೊಳ್ಳಿ."

"ಏನು ಬರೀಬೇಕು ಅಂತಾದ್ರೂ ಹೇಳು."

"ಏನಾದ್ರೂ ಮಾಡ್ಕೊಳ್ಳಿ ಅಂದೆನಲ್ಲ."

ಒಂದನೆಯ ತಾರೀಖು ಬೆಳಗ್ಗೆ ಮನೆಮನೆಗೆ ಮುಟ್ಟಬೇಕಾದರೆ ಕಾರ್ಡು ಇಪ್ಪತ್ತೈದರೊಳಗೆ ಅಂಚೆಪೆಟ್ಟಿಗೆಗೆ ಬೀಳಬೇಕು. ಉತಾ ಮರುದಿನ ಟ್ಯೂಷನ್ನಿಗೆ ಹೋಗುವ ಮುಂಚೆ ಕೂತು, ಕಂಪ್ಯೂಟರಿನಲ್ಲೇ ಇದ್ದ ಒಂದು ಮಾದರಿ ಆರಿಸಿದಳು. ನಮ್ಮ ಹನ್ನೆರಡು ಪ್ರಾಣಿಗಳ ಲೆಕ್ಕದಲ್ಲಿ ಬರುವುದು ಹಾವಿನ ವರ್ಷವಾದ್ದರಿಂದ ಮೂಲೆಯಲ್ಲಿ ನಗುವ ಹಸಿರು ಹಾವು, ಸುತ್ತ ಹೂವು, ನಡುವೆ ಬಂಗಾರದ ಅಕ್ಷರದ ಶುಭಾಶಯ. 'ಹೋದ ವರ್ಷ ಕಾರ್ಡು ಕಳಿಸಲಾಗದ್ದಕ್ಕೆ ಕ್ಷಮಿಸಿ' ಎಂದು ನಾನೇ ಸೇರಿಸಿದೆ. ಇಪ್ಪತ್ತು ನಿಮಿಷಕ್ಕೆ ನೂರ ಹದಿನೆಂಟೂ ಮುಗಿದವು. ಆರು ವಾರ ಮನೆಯನ್ನು ತಿಂದ ಕೆಲಸ, ಅನ್ನ ಬೇಯುವಷ್ಟರಲ್ಲಿ ಆಗಿಹೋಯಿತು. ನನಗೆ ಸಂತೋಷವೇನೂ ಆಗಲಿಲ್ಲ. ಇಪ್ಪತ್ತೈದರಂದು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹಾಕಿಬಂದೆ.

ಹೊಸವರ್ಷದ ಬೆಳಗ್ಗೆ ಅಂಚೆಯವನು ತಂದ ಕಟ್ಟು ತೆಳ್ಳಗಿತ್ತು. ಮಾವನಿಗೆ ಹದಿಮೂರು. ಇವಾಸೆಯದು ಇರಲಿಲ್ಲ. ಮಾವ ಎರಡು ಸಲ ತಿರುವಿ ನೋಡಿ, "ಹಾಚಿನೊಹೆ ದೂರ, ತಡ ಆಗತ್ತೆ" ಎಂದರು.

ನಾಲ್ಕನೆಯ ತಾರೀಖಿನಿಂದ ನಮ್ಮ ಕಾರ್ಡಿಗೆ ಜವಾಬು ಬರತೊಡಗಿತು. ಮೊದಲನೆಯದು ಶಿನ್ಗೊ ಹೆಸರಿಗೆ ಬಂತು. ಅವನು ಬಾಗಿಲಲ್ಲೇ ನಿಂತು ಓದಿದ. ಮುಖ ಕಪ್ಪಿಟ್ಟಿತು.

"'ನಿಮ್ಮ ತಂದೆ ನನಗೆ ಅಣ್ಣನ ಹಾಗಿದ್ದರು. ವಿಷಯ ತಿಳಿಯದೆ ಕೊನೆಗೆ ಬರಲಾಗಲಿಲ್ಲ.' ಏನಿದು?"

ಎರಡನೆಯದೂ ಹಾಗೇ ಇತ್ತು. ಮೂರನೆಯವರು ಸಂತಾಪದ ಜೊತೆ ಒಂದು ಪೆಟ್ಟಿಗೆ ಊದಿನಕಡ್ಡಿಯನ್ನೇ ಕಳಿಸಿದ್ದರು. ಉತಾ ಓಡಿಹೋಗಿ ಕಂಪ್ಯೂಟರು ತೆರೆದಳು, ಅಲ್ಲೇ ಅಳುತ್ತಾ ಕೂತಳು. ಕಳಿಸುವವರ ಹೆಸರಿನ ಜಾಗದಲ್ಲಿ, ಕಂಪ್ಯೂಟರು ಕೊಂಡವನ ಹೆಸರು ತಾನಾಗಿ ಬಂದು ಕೂತಿತ್ತು. ನೂರ ಹದಿನೆಂಟು ಕಾರ್ಡೂ ಶಿನ್ಗೊ ಹೆಸರಲ್ಲಿ ಹೋಗಿದ್ದವು. ಹೋದ ವರ್ಷ ತೊಕುಜಿಯಿಂದ ಏನೂ ಇಲ್ಲ. ಈ ವರ್ಷ ಮಗನಿಂದ ಬಣ್ಣದ ಕಾರ್ಡು, 'ಇನ್ನೂ ಇದ್ದಾನೆ' ಅನ್ನುವ ಸಾಲೂ ಇಲ್ಲ. ಈಗೆಲ್ಲ ಮನೆಯವರಷ್ಟೇ ಸೇರಿ ಸದ್ದಿಲ್ಲದೆ ಅಂತ್ಯಕ್ರಿಯೆ ಮುಗಿಸುವ ಕಾಲ. ಯಾರೇ ಆದರೂ ಹಾಗೇ ತಿಳಿಯುತ್ತಾರೆ.

ಹೇಳದೆ ವಿಧಿಯಿರಲಿಲ್ಲ. ಶಿನ್ಗೊ ಹೇಳಿದ. ಮಾವ ಊದಿನಕಡ್ಡಿಯ ಪೆಟ್ಟಿಗೆ ತೆರೆದು ಮೂಸಿ ನೋಡಿದರು.

"ಒಳ್ಳೇ ಕಡ್ಡಿ. ನಾನು ಬದುಕಿದ್ದಾಗ ಆ ನನ್ಮಗ ಒಂದು ಚಾ ಕುಡಿಸಿದೋನಲ್ಲ."

"ಎಲ್ಲರಿಗೂ ಫೋನ್ ಮಾಡ್ತೀನಿ ಅಪ್ಪ. ಇವತ್ತೇ."

"ಮಾಡು. ಇವಾಸೆಗೆ ಮಾತ್ರ ಬೇಡ, ಅವನಿಗೆ ಕೇಳಲ್ಲ. ಅವನಿಗೆ ಬೇರೆ ಕಾರ್ಡು ಬರೆಯೋಣ."

ಬರೆಯೋಣ ಅನ್ನುವಷ್ಟರಲ್ಲಿ ಏಳನೆಯ ತಾರೀಖು ಬಂತು. ಅವತ್ತು ಬೆಳಗ್ಗೆ ಏಳು ಸೊಪ್ಪಿನ ಗಂಜಿ ಮಾಡುವ ದಿನ. ನಾನು ಒಲೆಯ ಮುಂದಿದ್ದೆ, ಮಾವ ಹಜಾರದಲ್ಲಿ ಫೋನು ಎತ್ತಿದರು. ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ಅಡುಗೆಮನೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಇವಾಸೆ! ಹಾಚಿನೊಹೆ ಇವಾಸೆ!"

ಮಾವನ ಮುಖ ಅರಳಿತು. "ಇವಾಸೆ! ನಾನು ಕಣೋ, ತೊಕುಜಿ!"

"ಶಿನ್ಗೊ ಏನಪ್ಪಾ? ಅಲ್ಪಸ್ವಲ್ಪ ಗುಂಯ್ ಅಂತ ಕೇಳತ್ತೆ. ದನಿ ಥೇಟ್ ನಿಮ್ಮಪ್ಪಂದೇ!"

"ನಾನೇ ಕಣೋ! ಸತ್ತಿಲ್ಲ! ಇದ್ದೀನಿ!"

"ನೀನು ಏನೂ ಹೇಳ್ಬೇಡ ಮಗು, ಹೇಳಿದ್ರೂ ನಂಗೆ ತಿಳಿಯಲ್ಲ. ನಾನು ಹೇಳಿ ಇಟ್ಬಿಡ್ತೀನಿ. ಕಾರ್ಡು ಬಂತು. ಹೋದ್ವರ್ಷ ಬರ್ಲಿಲ್ಲ ನೋಡು, ಆಗ್ಲೇ ಅಂದ್ಕೊಂಡೆ. ನಿಮ್ಮಪ್ಪ ಇದ್ದಾಗ ಹೇಳೋ ಧೈರ್ಯ ಆಗ್ಲಿಲ್ಲ, ಈಗ ಮಗನಿಗಾದ್ರೂ ಹೇಳ್ತೀನಿ. ಅವತ್ತು ಬೆಳಗ್ಗೆ ಆ ಪ್ರೆಸ್ಸಿಗೆ ಅಚ್ಚು ಬದಲಾಯಿಸಿದೋನು ನಾನು. ಅಡ್ಡ ಬರತ್ತೆ ಅಂತ ಕಂಬಿ ತೆಗೆದಿಟ್ಟೆ. ಅಷ್ಟರಲ್ಲಿ ಊಟದ ಗಂಟೆ ಹೊಡೀತು. ಮತ್ತೆ ಹಾಕೋದು ಮರೆತೆ. ಮರೆತೆ ಕಣಪ್ಪಾ!"

ಮಾವ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದರು.

"ಆಸ್ಪತ್ರೆ ದಾರೀಲಿ ನನ್ನ ಕೈ ಹಿಡ್ಕೊಂಡು, ನೀನಿಲ್ದಿದ್ರೆ ನಾನು ಸತ್ತೇಹೋಗ್ತಿದ್ದೆ ಅಂದ ನಿಮ್ಮಪ್ಪ. ಆಮೇಲೆ ಹೇಗೆ ಹೇಳೋದು ನಾನು? ಪ್ರತಿ ವರ್ಷ ಕಾರ್ಡು ಬರೋದು, ಇನ್ನೂ ಇದ್ದಾನೆ ಅಂತ. ಅದು ಬಂದ್ರೆ ಅವತ್ತು ಒಂದು ದಿನ ನಂಗೆ ನಿದ್ದೆ ಬರೋದು." ಆ ಕಡೆ ಮುದುಕ ಗೊಳೋ ಎಂದು ಅಳತೊಡಗಿದ. "ನನ್ನ ಹೆಸರಲ್ಲಿ ಅವನ ಫೋಟೋ ಮುಂದೆ ಒಂದು ಕಡ್ಡಿ ಹಚ್ಚು ಮಗು. ಹಚ್ತೀಯಾ? ಹಚ್ತೀನಿ ಅನ್ನು!"

ಗಂಜಿ ಉಕ್ಕಿ ಒಲೆಯ ಮೇಲೆ ಹರಿಯುತ್ತಿತ್ತು. ನಾನು ಆರಿಸಲಿಲ್ಲ. ಮಾವ ಫೋನಿನೊಳಗೆ ಬಾಯಿಟ್ಟು, ಅವನಿಗೆ ಮುಟ್ಟುವಷ್ಟು ಜೋರಾಗಿ ಕೂಗಿದರು.

"ಹಚ್ತೀನಿ!"

ಫೋನು ಇಟ್ಟು ಬಂದು ಕೂತರು. ಅತ್ತೆ, ಶಿನ್ಗೊ, ಉತಾ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು, ಎಲ್ಲರಿಗೂ ಕೇಳಿಸಿತ್ತು.

"ನಿಮಗೆ ಗೊತ್ತಿತ್ತಾ ಮಾವ?" ಎಂದೆ.

"ಇಲ್ಲ."

ಮಾವ ಬಲಗೈಯನ್ನು ಮೇಜಿನ ಮೇಲಿಟ್ಟು, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ ನೋಡುತ್ತಾ ಕೂತರು. ಗಂಜಿ ಬಡಿಸಿದೆ. ಮುಟ್ಟಲಿಲ್ಲ.

"ಅವರ ಮಗಳಿಗೆ ನಾನು ಪತ್ರ ಬರೀತೀನಿ," ಎಂದ ಶಿನ್ಗೊ. "ಅಪ್ಪ ಇದಾರೆ, ತಪ್ಪು ನಮ್ಮದು ಅಂತ. ಮುಗೀತಲ್ಲ."

"ಮುಗಿಯಲ್ಲ," ಎಂದರು ಮಾವ. "ನಾನು ಬದುಕಿದೀನಿ ಅಂತ ತಿಳಿದ್ರೆ, ಹೇಳಿದ್ದು ನನ್ನ ಕಿವಿಗೇ ಬಿತ್ತು ಅಂತ ಅವನಿಗೆ ಗೊತ್ತಾಗತ್ತೆ. ಮೂವತ್ನಾಲ್ಕು ವರ್ಷ ನುಂಗಿಕೊಂಡಿದ್ದೋನು. ಎಂಬತ್ಮೂರು ವಯಸ್ಸು. ಆ ನಾಚಿಕೆಗೇ ಹೋಗಿಬಿಡ್ತಾನೆ."

"ಹಾಗಂತ?" ಎಂದರು ಅತ್ತೆ. "ಅವನ ಪಾಲಿಗೆ ಸತ್ತೇ ಇರ್ತೀರೇನ್ರೀ?"

ಮಾವ ಅತ್ತೆಯ ಕಡೆ ತಿರುಗಿದರು. "ಒಂದು ಕಡ್ಡಿ ಹಚ್ಚು" ಎಂದರು.

"ಬದುಕಿರೋರಿಗೆ ಯಾರಾದ್ರೂ ಹಚ್ತಾರಾ? ಬಿಡ್ತು ಅನ್ನಿ!"

"ಮಾತು ಕೊಟ್ಟಿದೀನಲ್ಲ."

ಅತ್ತೆ ಹಚ್ಚಲಿಲ್ಲ. ಮಾವನೇ ಎದ್ದು, ತಮ್ಮ ಅಪ್ಪ ಅಮ್ಮನ ಫೋಟೋ ಇರುವ ದೇವರ ಕಪಾಟಿನ ಮುಂದೆ, ಹೊಸ ಪೆಟ್ಟಿಗೆಯಿಂದಲೇ ಒಂದು ಕಡ್ಡಿ ತೆಗೆದು ಹಚ್ಚಿ ಕೈ ಮುಗಿದರು. ಯಾರಿಗೆ ಮುಗಿದರೋ ನನಗೆ ತಿಳಿಯಲಿಲ್ಲ.

ಸಂಜೆ ಉತಾಳನ್ನು ಕರೆದರು. "ಕಂಪ್ಯೂಟರು ತೆಗಿ. ಇವಾಸೆಗೆ ಒಂದು ಜವಾಬು ಹೋಗ್ಬೇಕು. ಶಿನ್ಗೊ ಹೆಸರಲ್ಲೇ."

ನಾನು ಹೋಗಿ, ಸಾದಾ ಕಾರ್ಡು ಸಿಗುತ್ತದೇನೋ ಎಂದು ಮೇಜಿನ ಖಾನೆ ತಡಕಾಡುತ್ತಿದ್ದೆ. ಹೊಳಪಿನ ಕಾರ್ಡನ್ನು ಅವರ ಕಣ್ಣಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

"ಅದಲ್ಲಮ್ಮ. ನೀನು ತಂದ್ಯಲ್ಲ, ಅದೇ ಕೊಡು. ಅದಾದ್ರೆ ಮಗ ಕಳಿಸಿದ್ದು ಅಂತ ನಂಬ್ತಾನೆ."

ಕಟ್ಟಿನಲ್ಲಿ ಎರಡನ್ನು ಪ್ರಿಂಟರು ತಿಂದಿತ್ತು, ನೂರ ಹದಿನೆಂಟು ಅಂಚೆಗೆ ಹೋಗಿದ್ದವು. ಕೊನೆಗೆ, ಮರುದಿನ ಬಿಡುವಿನ ಹೊತ್ತಿನಲ್ಲಿ ಅಂಗಡಿಯ ಕೌಂಟರಿನಲ್ಲಿ ಉಳಿದಿದ್ದ ಒಂದೇ ಒಂದು ಕಾರ್ಡನ್ನು ಕೊಂಡು ತಂದೆ. ಮಾವ ಹೇಳುತ್ತಾ ಹೋದರು, ಉತಾ ಟೈಪು ಮಾಡಿದಳು.

"'ಇವಾಸೆ ಅಜ್ಜನವರಿಗೆ. ನೀವು ಹೇಳಿದ ಹಾಗೆ ಕಡ್ಡಿ ಹಚ್ಚಿದೆ.' ಹಾಕಿದ್ಯಾ? 'ಕಂಬಿಯ ವಿಷಯ ಅಪ್ಪ ನನಗೆ ಹೇಳಿದ್ದರು. ಊಟ ಮುಗಿಸಿ ಬಂದಾಗ ಕಂಬಿ ಇಲ್ಲದ್ದನ್ನು ಅಪ್ಪ ನೋಡಿದ್ದರಂತೆ. ಹಾಕಲು ಬೇಸರವಾಗಿ ಹಾಗೇ ಶುರು ಮಾಡಿದರಂತೆ. ತಪ್ಪು ತನ್ನದೇ ಅಂತ ಹೇಳುತ್ತಿದ್ದರು.'"

"ನಿಜವಾಗ್ಲೂ ನೋಡಿದ್ರಾ ಅಜ್ಜ?"

"ನೋಡಿದ್ರೆ ಕೈ ಹಾಕ್ತಿದ್ನಾ ಪುಟ್ಟಿ? ನೀನು ಹೊಡಿ. 'ನೀವು ಚೆನ್ನಾಗಿ ನಿದ್ದೆ ಮಾಡಿ.' ಆಮೇಲೆ..." ಗೋಡೆಯ ಮೇಲಿನ ಇವಾಸೆಯ ಕಾರ್ಡಿನ ಕಡೆ ನೋಡಿದರು. "'ತೀರಿಕೊಳ್ಳುವ ಮುಂಚೆ ಅಪ್ಪ ನಿಮ್ಮನ್ನು ಬಹಳ ನೆನೆದರು.'"

ಉತಾಳ ಕೈ ನಿಂತಿತು. ಅವಳು ನನ್ನ ಕಡೆ ನೋಡಿದಳು.

"ಹೊಡಿಯಮ್ಮ," ಎಂದರು ಮಾವ. "ಅದು ಸುಳ್ಳಲ್ಲ."

ಹೊಸ ಪ್ರಿಂಟರು ಕೆಮ್ಮಲಿಲ್ಲ, ಗುರ್ರೆನ್ನಲಿಲ್ಲ. ಹಸಿರು ಹಾವು ನಗುತ್ತಾ ಹೊರಗೆ ಬಂತು, ಅದರ ಪಕ್ಕದಲ್ಲಿ ಮಾವನ ಮಾತು, ಕೊನೆಯಲ್ಲಿ ನನ್ನ ಗಂಡನ ಹೆಸರು. ಮಾವ ಕಾರ್ಡನ್ನು ಕೆನ್ನೆಗೆ ಒತ್ತಿಕೊಂಡರು. ಬಿಸಿ ಇರಲಿಲ್ಲ ಅಂತ ಕಾಣುತ್ತದೆ, ಕೂಡಲೇ ತೆಗೆದರು.

"ಚೆನ್ನಾಗಿ ಬಂದಿದೆ," ಎಂದರು ನನಗೆ. "ಮುಂದಿನ ವರ್ಷ ಅವನಿಗೆ ಅಂತ ಒಂದು ಇಂಥದೇ ತಂದಿಡು. ಮರೀಬೇಡ."